ಖಾಲಿ ಚೌಕದ ಚರಿತ್ರೆ

ನನ್ನ ಸಂಶೋಧನೆಯ ಟಿಪ್ಪಣಿಗಳ ನಡುವೆ ಎರಡು ವರ್ಷದಿಂದ ಒಂದು ಸಾಲು ಹಾಗೇ ಕುಳಿತಿದೆ.

- [ ] ಅಜ್ಜನ ಮನೆಗೆ ಮತ್ತೆ ಹೋಗಬೇಕು

ಆ ಎರಡು ಚೌಕ ಕಂಸಗಳ ನಡುವಿನ ಜಾಗ ಖಾಲಿ ಇದೆ ಎಂದರೆ ಕೆಲಸ ಬಾಕಿ ಎಂದರ್ಥ. ಮುಗಿದ ಮೇಲೆ ಅಲ್ಲೊಂದು ‘ಎಕ್ಸ್’ ಹಾಕಬೇಕು. ಪರದೆಯ ಮೇಲೆ ಅದು ಪುಟ್ಟ ಚೌಕವಾಗಿ ಕಾಣುತ್ತದೆ, ಒತ್ತಿದರೆ ಸರಿ ಗುರುತು ಬೀಳುತ್ತದೆ. ಈ ಚೌಕವನ್ನು ನಾನು ಇನ್ನು ಒತ್ತುವ ಹಾಗಿಲ್ಲ.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಮಲೆನಾಡಿನ ಕಡತಗಳನ್ನು. ಮೊದಲ ವರ್ಷದ ಕ್ಷೇತ್ರಕಾರ್ಯದಲ್ಲಿ ಒಂದು ಹಳೆಯ ಶಾನುಭೋಗರ ಮನೆಯಲ್ಲಿ ನನಗೆ ಒಂದು ಕಡತ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಅದರ ಮೋಡಿ ಅಕ್ಷರಗಳನ್ನು ತಡವರಿಸದೆ ಓದಬಲ್ಲ ಅಜ್ಜ ಸಿಕ್ಕಿದರು. ಯಾವ ಗದ್ದೆ ಯಾರದ್ದಾಗಿತ್ತು, ಯಾವ ಹೆಸರು ಈಗಿನ ಯಾವ ಮನೆಯವರದ್ದು ಎಂದೆಲ್ಲ ಹೇಳುತ್ತಾ ಮಧ್ಯಾಹ್ನವಿಡೀ ಓದಿದರು. ಮೂರು ಮಡಿಕೆ ಉಳಿದಿತ್ತು. “ಹೊತ್ತಾಯ್ತು ಮಗಾ, ನಿಂಗೆ ಬಸ್ಸು ತಪ್ಪತ್ತೆ. ಇನ್ನೊಂದ್ಸಲ ಬಾ, ಉಳಿದದ್ದನ್ನ ನಿಧಾನಕ್ಕೆ ಓದಿ ಹೇಳ್ತೀನಿ” ಅಂದರು. “ಬರ್ತೀನಿ ಅಜ್ಜ” ಅಂದೆ. ಬಸ್ಸಿನಲ್ಲೇ ಮೊಬೈಲು ತೆಗೆದು ಮೇಲಿನ ಸಾಲು ಬರೆದೆ. ಯಾವತ್ತು ಎಂದು ಬರೆಯಲಿಲ್ಲ.

ಆಮೇಲೆ ಕೋರ್ಸ್‌ವರ್ಕ್, ಫೆಲೋಶಿಪ್ಪಿನ ವರದಿ, ಒಂದು ಸೆಮಿನಾರು, ಎರಡು ಪ್ರಬಂಧ ಬಂದವು. ಅವೆಲ್ಲಕ್ಕೂ ಯಾರೋ ಕೊನೆಯ ದಿನಾಂಕ ಕೊಟ್ಟಿದ್ದರು. ಅಜ್ಜನ ಮನೆಗೆ ಯಾರೂ ಕೊಟ್ಟಿರಲಿಲ್ಲ. ಹನ್ನೊಂದು ತಿಂಗಳ ನಂತರ ಅವರ ಮೊಮ್ಮಗ ಫೋನ್ ಮಾಡಿ ಅಜ್ಜ ಹೋದ ಸುದ್ದಿ ಹೇಳಿದರು. ಕಡತದ ಫೋಟೋಗಳು ನನ್ನ ಹತ್ತಿರ ಇವೆ. ಆ ಮೂರು ಮಡಿಕೆಗಳ ಅಕ್ಷರಗಳನ್ನು ನಾನೇ ಕಷ್ಟಪಟ್ಟು ಬಿಡಿಸಿದ್ದೇನೆ. ಆದರೆ ಅಲ್ಲಿನ ಹೆಸರುಗಳು ಈಗ ಹೆಸರುಗಳು ಮಾತ್ರ. ಯಾವ ಮನೆ, ಯಾವ ಗದ್ದೆ ಎಂದು ಹೇಳುವವರಿಲ್ಲ.

ಚರಿತ್ರೆ ಓದುವವರಿಗೆ ಒಂದು ಚಟವಿದೆ. ಏನಾದರೂ ಕೈಕೊಟ್ಟರೆ ಅದರ ಹಿಂದಿನ ಕಥೆ ಹುಡುಕುತ್ತೇವೆ. ಮಾಡಬೇಕಾದ ಕೆಲಸವನ್ನು ಒಂದು ಖಾಲಿ ಚೌಕವಾಗಿ ಬರೆಯುವ ಈ ಪದ್ಧತಿ ಎಲ್ಲಿಂದ ಬಂತು? ಅದರಲ್ಲಿ ದಿನಾಂಕಕ್ಕೆ ಜಾಗ ಏಕಿಲ್ಲ? ಮುಗಿದ ಕೆಲಸ ಎಲ್ಲಿಗೆ ಹೋಗುತ್ತದೆ? ಈ ಬರಹ ಆ ಹುಡುಕಾಟದ ಫಲ.

*

ಕಡತದಿಂದಲೇ ಶುರು ಮಾಡುತ್ತೇನೆ. ಇವತ್ತು ‘ಕಡತ’ ಎಂದರೆ ಸರ್ಕಾರಿ ಕಚೇರಿಯ ಫೈಲು. ‘ಕಡತ ವಿಲೇವಾರಿ’ ಎಂಬ ಮಾತು ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಆದರೆ ಮೂಲದಲ್ಲಿ ಅದೊಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬರೆಯುವುದು ಬಳಪದಲ್ಲಿ. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬರತೊಡಗಿದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಕಡತವನ್ನು ವಿವರಿಸಿದ್ದಾನೆ.

ಕಡತದ ಗುಣ ವಿಚಿತ್ರ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹ ಹೋಗುತ್ತದೆ, ಅದೇ ಜಾಗದಲ್ಲಿ ಹೊಸದು ಬರೆಯಬಹುದು. ಒರೆಸದೆ ಜೋಪಾನವಾಗಿಟ್ಟರೆ ತಲೆಮಾರುಗಳ ಕಾಲ ಉಳಿಯುತ್ತದೆ. ಅಂದರೆ ಉಳಿಸುವುದೋ ಅಳಿಸುವುದೋ ಎಂಬುದನ್ನು ಇಟ್ಟುಕೊಂಡವರೇ ತೀರ್ಮಾನಿಸಬೇಕು. ಬಾಕಿ ತೀರಿತು, ಒರೆಸಿಬಿಡೋಣ ಎಂದುಕೊಂಡವರ ಮನೆಯಲ್ಲಿ ನನ್ನಂಥವರಿಗೆ ಏನೂ ಸಿಗುವುದಿಲ್ಲ.

ಯುರೋಪಿನ ವ್ಯಾಪಾರಿಗಳು ಇದಕ್ಕೆ ಬೇರೊಂದು ದಾರಿ ಹಿಡಿದಿದ್ದರು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಚೋಲಿಯ ಗಣಿತ ಗ್ರಂಥದಲ್ಲಿ ಲೆಕ್ಕ ಬರೆಯುವ ಕ್ರಮದ ಬಗ್ಗೆ ಒಂದು ಭಾಗವಿದೆ. ಜಮಾ–ಖರ್ಚಿನ ಜೋಡಿ ಲೆಕ್ಕದ ಪದ್ಧತಿಯನ್ನು ಮುದ್ರಿತ ರೂಪದಲ್ಲಿ ವಿವರವಾಗಿ ಕೊಟ್ಟದ್ದಕ್ಕೆ ಅದು ಪ್ರಸಿದ್ಧ. ಅವನ ಪ್ರಕಾರ ವ್ಯಾಪಾರಿಗೆ ಮೂರು ಪುಸ್ತಕ ಬೇಕು. ಮೊದಲನೆಯದು ದಿನದ ವ್ಯವಹಾರವನ್ನು ಹಾಗ್ಹಾಗೇ ಗೀಚುವ ಕಚ್ಚಾ ಪುಸ್ತಕ, ಎರಡನೆಯದು ಅದನ್ನು ಕ್ರಮವಾಗಿ ಬರೆಯುವ ಪುಸ್ತಕ (ನಮ್ಮವರ ಕಿರ್ದಿ ಅನ್ನಿ), ಮೂರನೆಯದು ಖಾತೆ. ಕಚ್ಚಾ ಪುಸ್ತಕದ ಒಂದು ನಮೂದು ಮುಂದಿನ ಪುಸ್ತಕಕ್ಕೆ ಹೋದ ಮೇಲೆ ಅದರ ಮೇಲೊಂದು ಓರೆ ಗೆರೆ ಎಳೆಯಬೇಕು ಎನ್ನುತ್ತಾನೆ ಪಚೋಲಿ. ಗೆರೆಯ ಕೆಳಗಿನ ಅಕ್ಷರ ಅಳಿಯುವುದಿಲ್ಲ. ‘ಇದು ಆಯಿತು’ ಎನ್ನುವುದು ಗೊತ್ತಾಗುತ್ತದೆ, ಏನಾಯಿತು ಎನ್ನುವುದೂ ಉಳಿಯುತ್ತದೆ.

ಇದು ನಮಗೂ ಹೊಸದಲ್ಲ. ನನ್ನ ತಾಯಿಯ ಊರಿನ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹಣ ಕೊಟ್ಟವರ ಸಾಲಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ‘ಚುಕ್ತಾ’ ಎಂದು ಬರೆದಿರುತ್ತಿತ್ತು. ಜಗಳ ಬಂದಾಗ ಅಂಗಡಿಯವರು ಪುಟ ತಿರುವಿ ಗೆರೆ ಎಳೆದ ಸಾಲನ್ನೇ ತೋರಿಸುತ್ತಿದ್ದರು.

ವ್ಯಾಪಾರಿಗಳ ಈ ಕ್ರಮವನ್ನು ವಿದ್ವಾಂಸರೂ ಕಲಿಯಬೇಕು ಎಂದವನು ಹದಿನೆಂಟನೇ ಶತಮಾನದ ಜರ್ಮನ್ ಭೌತಶಾಸ್ತ್ರಜ್ಞ ಗೇಯೊರ್ಗ್ ಕ್ರಿಸ್ಟೋಫ್ ಲಿಕ್ಟೆನ್‌ಬರ್ಗ್. ಹೊಳೆದದ್ದನ್ನೆಲ್ಲ ಮೊದಲು ಕಚ್ಚಾ ಪುಸ್ತಕದಲ್ಲಿ ಬರೆಯುವುದು, ಆಮೇಲೆ ವಿಂಗಡಿಸುವುದು ಅವನ ಕ್ರಮ. ಹಾಗೆ ಅವನು ತುಂಬಿಸಿದ ಪುಸ್ತಕಗಳನ್ನು ಅವನು ತೀರಿಕೊಂಡ ಮೇಲೆ ಜನ ಸಾಹಿತ್ಯವಾಗಿ ಓದಿದರು. ಟಿಪ್ಪಣಿ ಮತ್ತು ಲೆಕ್ಕ, ಯೋಚನೆ ಮತ್ತು ಬಾಕಿ ಕೆಲಸ ಒಂದೇ ಪುಸ್ತಕದಲ್ಲಿ ಇರಬಹುದು ಎಂಬ ಕಲ್ಪನೆಗೆ ಹೀಗೆ ಹಳೆಯ ವಂಶಾವಳಿಯೇ ಇದೆ.

*

ಕಂಪ್ಯೂಟರು ಬಂದ ಮೇಲೆ ಈ ಎರಡೂ ಬೇರೆಯಾದವು. ಟಿಪ್ಪಣಿಗೆ ಒಂದು ತಂತ್ರಾಂಶ, ಕೆಲಸದ ಪಟ್ಟಿಗೆ ಇನ್ನೊಂದು, ಕ್ಯಾಲೆಂಡರಿಗೆ ಮತ್ತೊಂದು. ಒಂದರ ಒಳಗಿದ್ದದ್ದು ಇನ್ನೊಂದಕ್ಕೆ ಕಾಣದು. ಅವನ್ನು ಮತ್ತೆ ಕೂಡಿಸಲು ಹೊರಟವರಲ್ಲಿ ಒಬ್ಬರು ಆಮ್‌ಸ್ಟರ್‌ಡ್ಯಾಮಿನ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್. ತನ್ನ ಸಂಶೋಧನೆಯ ಟಿಪ್ಪಣಿಗಳನ್ನೂ ಕೆಲಸಗಳನ್ನೂ ಒಂದೇ ಕಡೆ ಇಟ್ಟುಕೊಳ್ಳಲು ಅವರು 2003ರಲ್ಲಿ ಎಮ್ಯಾಕ್ಸ್ ಎಂಬ ಹಳೆಯ ಸಂಪಾದಕ ತಂತ್ರಾಂಶದ ಒಳಗೆ ‘ಆರ್ಗ್ ಮೋಡ್’ ಕಟ್ಟಿದರು. ಅದರಲ್ಲಿ ಯಾವ ಸಾಲಿಗೆ ಬೇಕಾದರೂ ‘ಮಾಡಬೇಕು’, ‘ಮುಗಿಯಿತು’ ಎಂಬ ಗುರುತು, ಗಡುವು, ಮುಗಿದ ಸಮಯ ಸೇರಿಸಬಹುದು. ಎಲ್ಲ ಪುಟಗಳಲ್ಲಿ ಚದುರಿದ ಕೆಲಸಗಳನ್ನು ದಿನಾಂಕದ ಪ್ರಕಾರ ಒಟ್ಟುಮಾಡಿ ತೋರಿಸುವ ಪಟ್ಟಿಯೂ ಅದರಲ್ಲಿದೆ. ಕಲಿಯುವುದು ಸುಲಭವಲ್ಲ, ಹಾಗಾಗಿ ಅದು ಹೆಚ್ಚಾಗಿ ಎಮ್ಯಾಕ್ಸ್ ಬಲ್ಲವರ ನಡುವೆಯೇ ಉಳಿಯಿತು.

ಮರುವರ್ಷ, 2004ರಲ್ಲಿ, ಅಮೆರಿಕದ ಜಾನ್ ಗ್ರೂಬರ್ ‘ಮಾರ್ಕ್‌ಡೌನ್’ ಹೊರತಂದರು. ಅದರ ವಾಕ್ಯರಚನೆಯನ್ನು ರೂಪಿಸಲು ನೆರವಾದವನು ಆಗ ಹದಿನೇಳರ ಹುಡುಗನಾಗಿದ್ದ ಆರನ್ ಸ್ವಾರ್ಟ್ಸ್. ಮುಂದೆ ಜ್ಞಾನದ ಮುಕ್ತ ಲಭ್ಯತೆಗಾಗಿ ಹೋರಾಡಿ 2013ರಲ್ಲಿ ತೀರಿಕೊಂಡ ಅದೇ ಸ್ವಾರ್ಟ್ಸ್. ಮಾರ್ಕ್‌ಡೌನ್‌ನ ಯೋಚನೆ ಸರಳ. ಜನ ಇಮೇಲ್ ಬರೆಯುವಾಗ ಒತ್ತು ಕೊಡಲು ಪದದ ಆಚೀಚೆ ನಕ್ಷತ್ರ ಹಾಕುತ್ತಿದ್ದರು, ಪಟ್ಟಿ ಮಾಡಲು ಸಾಲಿನ ಮೊದಲಿಗೆ ಅಡ್ಡಗೆರೆ ಎಳೆಯುತ್ತಿದ್ದರು. ಆ ರೂಢಿಯನ್ನೇ ನಿಯಮವಾಗಿಸಿದರೆ ಸಾಕು. ವೆಬ್ ಪುಟವಾಗಿ ಬದಲಾಯಿಸುವ ಮೊದಲೇ, ಬರೀ ಅಕ್ಷರವಾಗಿಯೇ ಅದು ಓದಲು ಬರಬೇಕು ಎಂಬುದು ಗ್ರೂಬರ್ ಅವರ ಮುಖ್ಯ ಗುರಿ.

‘ಬರೀ ಅಕ್ಷರ’ ಎಂಬ ಈ ಮಾತಿನ ಬೆಲೆ ಕನ್ನಡದವರಿಗೆ ಬೇಗ ಅರ್ಥವಾಗಬೇಕು. ಯುನಿಕೋಡ್ ಬಳಕೆ ಹರಡುವ ಮುಂಚೆ ಟೈಪ್ ಮಾಡಿದ ಕನ್ನಡದ ಫೈಲುಗಳನ್ನು ಈಗ ತೆರೆದು ನೋಡಿ. ಆ ಕಾಲದ ಅಕ್ಷರಶೈಲಿ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು. ನಮ್ಮ ವಿಭಾಗದ ಹಿರಿಯರೊಬ್ಬರ ಪ್ರಬಂಧದ ಕರಡು ಹಾಗೆ ಒಂದು ಸಿ.ಡಿ.ಯಲ್ಲಿ ಇದೆ. ಇನ್ನೂರು ವರ್ಷದ ಕಡತ ಓದಬಲ್ಲ ನಾವು ಇಪ್ಪತ್ತು ವರ್ಷದ ಆ ಸಿ.ಡಿ.ಯ ಮುಂದೆ ಸೋತು ಕೂತಿದ್ದೇವೆ.

ಗ್ರೂಬರ್ ಅವರ ಮಾರ್ಕ್‌ಡೌನ್‌ನಲ್ಲಿ ಪಟ್ಟಿ ಇತ್ತು, ಚೌಕ ಇರಲಿಲ್ಲ. ಅದು ಬಂದದ್ದು ಪ್ರೋಗ್ರಾಮರುಗಳ ದೊಡ್ಡ ಸಂತೆಯಾದ ಗಿಟ್‌ಹಬ್‌ನಿಂದ. ಅಲ್ಲಿ ಸಾವಿರಾರು ಜನ ಒಟ್ಟಿಗೆ ತಂತ್ರಾಂಶ ಕಟ್ಟುವಾಗ ‘ಇಷ್ಟು ಆಗಿದೆ, ಇಷ್ಟು ಬಾಕಿ’ ಎಂದು ತೋರಿಸುವ ಅಗತ್ಯವಿತ್ತು. 2013ರಲ್ಲಿ ಗಿಟ್‌ಹಬ್ ತನ್ನ ಮಾರ್ಕ್‌ಡೌನ್‌ಗೆ ಕೆಲಸದ ಪಟ್ಟಿಯನ್ನು ಸೇರಿಸಿತು: ಅಡ್ಡಗೆರೆ, ಚೌಕ ಕಂಸ, ನಡುವೆ ಖಾಲಿ ಜಾಗ ಅಥವಾ ‘ಎಕ್ಸ್’. ಅಷ್ಟೇ. ಮರುವರ್ಷ ಮಾರ್ಕ್‌ಡೌನ್‌ನ ಹಲವು ರೂಪಗಳನ್ನು ಒಂದು ಕ್ರಮಕ್ಕೆ ತರಲು ‘ಕಾಮನ್‌ಮಾರ್ಕ್’ ಎಂಬ ಪ್ರಯತ್ನ ಶುರುವಾಯಿತು. ಅದರ ಮೂಲ ನಿಯಮಗಳಲ್ಲಿ ಚೌಕಕ್ಕೆ ಜಾಗ ಸಿಗಲಿಲ್ಲ. ಆದರೂ ಅದು ರೂಢಿಯಿಂದಲೇ ಹಬ್ಬಿತು.

ಗಮನಿಸಬೇಕಾದದ್ದು, ಗಿಟ್‌ಹಬ್‌ನ ಚೌಕಕ್ಕೆ ತಿಳಿಯುವುದು ಎರಡೇ ಸ್ಥಿತಿ. ಆಗಿದೆ, ಅಥವಾ ಆಗಿಲ್ಲ. ಯಾವಾಗ ಆಗಬೇಕಿತ್ತು, ಯಾವಾಗ ಆಯಿತು ಎಂಬುದು ಆ ಸಾಲಿನಲ್ಲಿ ಇಲ್ಲ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಗಿಟ್‌ಹಬ್‌ನಲ್ಲಿ ಬೇರೆ ಕಡೆ ದಾಖಲಾಗುತ್ತಿತ್ತು. ಅದೇ ಚೌಕ ಒಬ್ಬ ವಿದ್ಯಾರ್ಥಿಯ ಮೊಬೈಲಿಗೆ ಬಂದಾಗ ದಾಖಲೆಯ ಆ ವ್ಯವಸ್ಥೆ ಜೊತೆಗೆ ಬರಲಿಲ್ಲ. ಬರೀ ಚೌಕ ಬಂತು.

*

ನಾನು ಟಿಪ್ಪಣಿ ಬರೆಯುವುದು ‘ಅಬ್ಸಿಡಿಯನ್’ ಎಂಬ ಆ್ಯಪ್‌ನಲ್ಲಿ. ಶಿಡಾ ಲಿ ಮತ್ತು ಎರಿಕಾ ಶು 2020ರಲ್ಲಿ ಇದನ್ನು ಹೊರತಂದರು. ಇದರ ಪುಟಗಳೆಲ್ಲ ನಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಸಾದಾ ಮಾರ್ಕ್‌ಡೌನ್ ಫೈಲುಗಳಾಗಿ ಇರುತ್ತವೆ. ನಾಳೆ ಆ್ಯಪ್ ಇಲ್ಲವಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಆ್ಯಪ್‌ನ ಮೂಲ ಸಂಕೇತ ಮುಕ್ತವಲ್ಲ. ಆದರೆ ಹೊರಗಿನವರು ಅದಕ್ಕೆ ‘ಪ್ಲಗಿನ್’ ಬರೆಯಬಹುದು, ಅಂದರೆ ಹೊಸ ಸಾಮರ್ಥ್ಯ ಸೇರಿಸುವ ಪುಟ್ಟ ತಂತ್ರಾಂಶ.

2021ರಲ್ಲಿ ಮಾರ್ಟಿನ್ ಶೆಂಕ್ ಅಂಥ ಒಂದು ಪ್ಲಗಿನ್ ಬರೆದರು. ಹೆಸರು ‘ಟಾಸ್ಕ್ಸ್’. ಮುಂದೆ ಅದರ ಹೊಣೆಯನ್ನು ಕ್ಲೇರ್ ಮೆಕ್ರೇ ವಹಿಸಿಕೊಂಡು ಬೆಳೆಸಿದರು. ಅಜ್ಜ ಹೋದ ವಾರ, ನನ್ನ ಮೇಲೇ ಸಿಟ್ಟು ಬಂದು, ನಾನು ಇದನ್ನು ಹಾಕಿಕೊಂಡೆ.

ಅದು ಮಾಡುವುದೇನೆಂದರೆ, ಸಾಲಿನ ಕೊನೆಯಲ್ಲಿ ಒಂದು ಚಿತ್ರಾಕ್ಷರ, ಅದರ ಮುಂದೆ ದಿನಾಂಕ ಬರೆಯಲು ಅವಕಾಶ ಕೊಡುತ್ತದೆ:

- [ ] ಎರಡನೇ ಅಧ್ಯಾಯದ ಅಡಿಟಿಪ್ಪಣಿ ಸರಿಮಾಡಬೇಕು 📅 2025-03-10

ಕ್ಯಾಲೆಂಡರಿನ ಚಿತ್ರ ಗಡುವಿಗೆ. ಮರಳು ಗಡಿಯಾರದ ಚಿತ್ರ ಇಟ್ಟರೆ ಆ ಕೆಲಸಕ್ಕೆ ಕೂರಬೇಕೆಂದುಕೊಂಡ ದಿನ. ಮೇಲೇರುವ ವಿಮಾನವಿದ್ದರೆ ಅದಕ್ಕಿಂತ ಮುಂಚೆ ಶುರುಮಾಡುವಂತಿಲ್ಲ ಎಂದು. ಈ ಮೂರರ ವ್ಯತ್ಯಾಸ ಸಣ್ಣದಲ್ಲ. ಅಧ್ಯಾಯ ಕೊಡಬೇಕಾದ ದಿನ, ಅದನ್ನು ಬರೆಯಲು ಕೂರುವ ದಿನ, ಪತ್ರಾಗಾರ ತೆರೆಯುವ ದಿನ, ಇವು ಮೂರೂ ಬೇರೆ. ಇವನ್ನು ಒಂದೇ ಎಂದುಕೊಂಡದ್ದರಿಂದಲೇ ನನ್ನ ಮೊದಲ ವರ್ಷ ಹಾಳಾದದ್ದು.

ಕೆಲಸ ಮುಗಿಸಿ ಚೌಕ ಒತ್ತಿದಾಗ ಪ್ಲಗಿನ್ ‘ಎಕ್ಸ್’ ಹಾಕುವುದಷ್ಟೇ ಅಲ್ಲ, ಹಸಿರು ಸರಿ ಗುರುತಿನ ಜೊತೆ ಆ ದಿನದ ತಾರೀಕನ್ನೂ ಸಾಲಿಗೆ ಸೇರಿಸುತ್ತದೆ. ಪಚೋಲಿಯ ಓರೆ ಗೆರೆ, ಅಂಗಡಿಯ ‘ಚುಕ್ತಾ’ ಇಲ್ಲಿ ದಿನಾಂಕದೊಂದಿಗೆ ವಾಪಸು ಬಂದಿವೆ. ಬಿಟ್ಟ ಕೆಲಸಕ್ಕೂ ಗುರುತಿದೆ: ಚೌಕದೊಳಗೆ ಸಣ್ಣ ಗೆರೆ, ಕೈಬಿಟ್ಟ ದಿನಾಂಕ. ಪ್ರತಿ ವಾರ, ಪ್ರತಿ ತಿಂಗಳು ಮರಳುವ ಕೆಲಸವಾದರೆ, ಒಂದು ಮುಗಿದ ಕೂಡಲೇ ಮುಂದಿನ ದಿನಾಂಕದೊಂದಿಗೆ ಹೊಸ ಸಾಲು ತಾನೇ ಹುಟ್ಟುತ್ತದೆ. ಮುಗಿದ ಸಾಲು ಹಾಗೇ ಉಳಿಯುತ್ತದೆ.

ಇನ್ನೊಂದು ಸಾಮರ್ಥ್ಯ ಪ್ರಶ್ನೆ ಕೇಳುವುದು. ಯಾವುದಾದರೂ ಪುಟದಲ್ಲಿ ‘ನಾಟ್ ಡನ್’, ಅದರ ಕೆಳಗಿನ ಸಾಲಿನಲ್ಲಿ ‘ಡ್ಯೂ ಬಿಫೋರ್ ಟುಮಾರೋ’ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟರೆ, ನೂರಾರು ಟಿಪ್ಪಣಿಗಳಲ್ಲಿ ಚದುರಿರುವ ಸಾಲುಗಳಲ್ಲಿ ಇವತ್ತಿಗೆ ಅಥವಾ ಅದಕ್ಕೂ ಮುಂಚೆ ಮುಗಿಯಬೇಕಿದ್ದವು ಮಾತ್ರ ಅಲ್ಲಿ ಬಂದು ನಿಲ್ಲುತ್ತವೆ. ಒಂದು ಪುಸ್ತಕ ಓದುತ್ತಾ ‘ಈ ಶಾಸನದ ಪಾಠ ಮತ್ತೊಮ್ಮೆ ನೋಡಬೇಕು’ ಎಂದು ಅದೇ ಪುಸ್ತಕದ ಟಿಪ್ಪಣಿಯೊಳಗೆ ಬರೆದಿಟ್ಟರೂ ಅದು ಕಳೆದುಹೋಗುವುದಿಲ್ಲ. ಲಿಕ್ಟೆನ್‌ಬರ್ಗ್ ಕೈಯಾರೆ ಮಾಡುತ್ತಿದ್ದ ವಿಂಗಡಣೆ ಇದು.

ತೊಡಕುಗಳೂ ಇವೆ. ಒಂದು ಕೆಲಸ ಒಂದೇ ಸಾಲಿನಲ್ಲಿ ಇರಬೇಕು. ಪ್ಲಗಿನ್ ಸಾಲನ್ನು ಕೊನೆಯಿಂದ ಹಿಂದಕ್ಕೆ ಓದುವುದರಿಂದ ದಿನಾಂಕದ ನಂತರ ಏನಾದರೂ ಮಾತು ಸೇರಿಸಿದರೆ ಆ ದಿನಾಂಕ ಅದಕ್ಕೆ ಕಾಣುವುದಿಲ್ಲ. ‘ಎಕ್ಸ್’ ಅನ್ನು ನಾವೇ ಟೈಪ್ ಮಾಡಿದರೆ ಮುಗಿದ ದಿನ ಸೇರುವುದಿಲ್ಲ. ಕೆಲಸದ ವಿವರವನ್ನು ಕನ್ನಡದಲ್ಲಿ ಎಷ್ಟು ಬೇಕಾದರೂ ಬರೆಯಬಹುದು, ಆದರೆ ತಾರೀಕನ್ನು ಕನ್ನಡ ಅಂಕಿಗಳಲ್ಲಿ ಬರೆದರೆ ಅದಕ್ಕೆ ತಿಳಿಯದು. ನಾನು ಒಂದು ವಾರ ಹಾಗೆ ಬರೆದು, ಪಟ್ಟಿ ಏಕೆ ಖಾಲಿ ಎಂದು ತಲೆ ಕೆರೆದುಕೊಂಡಿದ್ದೆ.

ಇಷ್ಟಾದರೂ ನನಗೆ ಹಿಡಿಸಿದ್ದು ಒಂದು ಗುಣ. ಈ ಪ್ಲಗಿನ್ ತನಗೆ ಗೊತ್ತಾದದ್ದನ್ನು ತನ್ನ ಬಳಿ ಬಚ್ಚಿಟ್ಟುಕೊಳ್ಳುವುದಿಲ್ಲ. ಗಡುವು, ಮುಗಿದ ದಿನ, ಎಷ್ಟು ದಿನಕ್ಕೊಮ್ಮೆ ಎಂಬುದು, ಎಲ್ಲವನ್ನೂ ಸಾಲಿನಲ್ಲೇ ಅಕ್ಷರವಾಗಿ ಬರೆಯುತ್ತದೆ. ಪ್ಲಗಿನ್ ನಿಂತುಹೋದರೆ ಪ್ರಶ್ನೆ ಕೇಳುವ ಸೌಕರ್ಯ ಹೋಗಬಹುದು, ದಾಖಲೆ ಹೋಗುವುದಿಲ್ಲ. ಇಪ್ಪತ್ತು ವರ್ಷದ ನಂತರ ಯಾರಾದರೂ ಈ ಫೈಲು ತೆರೆದರೆ ಯಾವ ಕೆಲಸ ಯಾವಾಗ ಆಗಬೇಕಿತ್ತು, ಯಾವಾಗ ಆಯಿತು ಎಂದು ಬರಿಗಣ್ಣಿನಲ್ಲಿ ಓದಬಹುದು. ಆ ಸಿ.ಡಿ.ಯ ಗತಿ ಇದಕ್ಕೆ ಬರಲಾರದು ಎಂದು ನನ್ನ ನಂಬಿಕೆ.

*

ಪ್ಲಗಿನ್ ಹಾಕಿಕೊಂಡ ದಿನ ನಾನು ಕೇಳಿದ ಮೊದಲ ಪ್ರಶ್ನೆ ಗಡುವು ಮೀರಿದ ಕೆಲಸಗಳದ್ದಲ್ಲ. ಅದರ ವಿವರಣೆ ಓದುವಾಗ ‘ನೋ ಡ್ಯೂ ಡೇಟ್’ ಎಂದೂ ಕೇಳಬಹುದೆಂದು ತಿಳಿದಿತ್ತು. ಗಡುವಿನ ದಿನಾಂಕವೇ ಇಲ್ಲದ ಕೆಲಸಗಳನ್ನು ತೋರಿಸು ಎಂದು ಅದರ ಅರ್ಥ. ಬರೆದು ನೋಡಿದೆ. ನೂರ ನಲವತ್ತಮೂರು ಸಾಲು ಬಂದವು.

ನಿಧಾನವಾಗಿ ಓದಿದೆ. ‘ಗ್ರಂಥಾಲಯದ ಪುಸ್ತಕ ಹಿಂತಿರುಗಿಸಬೇಕು’ ಎಂಬಂಥವು ಕೆಲವು, ಅವು ಯಾವಾಗಲೋ ಆಗಿಹೋಗಿದ್ದವು, ಗುರುತು ಹಾಕಿರಲಿಲ್ಲ ಅಷ್ಟೆ. ಉಳಿದವು ಬೇರೆ ಥರದವು. ಮೋಡಿ ಕಲಿಸಿದ ಮೇಷ್ಟರಿಗೆ ಪತ್ರ ಬರೆಯಬೇಕು. ಅಮ್ಮನಿಂದ ಅಜ್ಜಿಯ ಹಾಡುಗಳನ್ನು ಬರೆದುಕೊಳ್ಳಬೇಕು. ಹೊಳೆಯಾಚೆಯ ಮನೆಯವರ ಹತ್ತಿರ ಇನ್ನೊಂದು ಕಡತ ಇದೆಯಂತೆ, ವಿಚಾರಿಸಬೇಕು. ಇವುಗಳಲ್ಲಿ ಯಾವುದಕ್ಕೂ ವಿಶ್ವವಿದ್ಯಾಲಯ ಗಡುವು ಕೊಡುವುದಿಲ್ಲ. ಗಡುವು ಇಲ್ಲದ್ದರಿಂದಲೇ ಇವು ಸಾವಕಾಶದ ಕೆಲಸಗಳು ಎಂದು ನಾನು ತಿಳಿದಿದ್ದೆ. ಓದಿದಾಗ ತಿಳಿದದ್ದು ಬೇರೆ: ಹೆಚ್ಚು ಅವಸರದವು ಇವೇ. ಇವುಗಳ ಗಡುವು ಇನ್ನೊಬ್ಬರ ಆಯುಸ್ಸಿನಲ್ಲಿ ಇದೆ, ಅದು ನಮಗೆ ಗೊತ್ತಿರುವುದಿಲ್ಲ. ಪಟ್ಟಿಯ ನಡುವೆ ಎಲ್ಲೋ ಅಜ್ಜನ ಸಾಲೂ ಇತ್ತು.

ತಂತ್ರಾಂಶವೊಂದು ಇದ್ದಿದ್ದರೆ ನಾನು ಸಮಯಕ್ಕೆ ಹೋಗುತ್ತಿದ್ದೆ ಎಂದು ಹೇಳಲಾರೆ. ದಿನಾಂಕ ಬರೆದೂ ಮುಂದೂಡುವವರು ಬೇಕಾದಷ್ಟಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ದಿನಾಂಕ ಬರೆದು ಮುಂದೂಡುವಾಗ ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಬರೆಯಬೇಕಾಗುತ್ತದೆ. ನಾನು ಮುಂದೂಡುತ್ತಿದ್ದೇನೆ ಎಂಬುದು ಆಗ ನನ್ನ ಕೈಗೇ ಗೊತ್ತಾಗುತ್ತದೆ. ಖಾಲಿ ಚೌಕ ಅಷ್ಟನ್ನೂ ಕೇಳುವುದಿಲ್ಲ. ಅದು ವರ್ಷಗಟ್ಟಲೆ ಸುಮ್ಮನೆ ಕಾಯುತ್ತದೆ.

ಆ ರಾತ್ರಿ ಕೂತು ಜನರಿಗೆ ಸಂಬಂಧಿಸಿದ ಸಾಲುಗಳಿಗೆಲ್ಲ ದಿನಾಂಕ ಹಾಕಿದೆ, ಮೂವತ್ತೊಂದು ಇದ್ದವು. ಮೇಷ್ಟರಿಗೆ ಪತ್ರ ಹೋಯಿತು, ಉತ್ತರವೂ ಬಂತು. ಅಮ್ಮನ ಬಾಯಲ್ಲಿ ಇಲ್ಲಿಯವರೆಗೆ ಹನ್ನೆರಡು ಹಾಡು ಬರೆದುಕೊಂಡಿದ್ದೇನೆ. ಅದು ಪ್ರತಿ ತಿಂಗಳು ಮರಳುವ ಕೆಲಸ. ಮುಗಿದ ಹನ್ನೆರಡು ಸಾಲುಗಳೂ ತಂತಮ್ಮ ತಾರೀಕಿನೊಂದಿಗೆ ಕೆಳಗೆ ಸಾಲಾಗಿ ನಿಂತಿವೆ. ಹೊಳೆಯಾಚೆಯ ಮನೆಗೂ ಹೋಗಿ ಬಂದೆ. ಕಡತ ಇತ್ತು. ಎಂದೋ ಒರೆಸಿದ್ದರು. ಕಪ್ಪು ಬಟ್ಟೆ ಮಾತ್ರ ಉಳಿದಿತ್ತು.

ಅಜ್ಜನ ಸಾಲಿಗೆ ಏನು ಮಾಡಬೇಕೆಂದು ಬಹಳ ದಿನ ಯೋಚಿಸಿದೆ. ‘ಎಕ್ಸ್’ ಹಾಕಿದರೆ ಸುಳ್ಳಾಗುತ್ತದೆ. ಕೈಬಿಟ್ಟ ಕೆಲಸದ ಗೆರೆ ಹಾಕಲು ಮನಸ್ಸು ಬರಲಿಲ್ಲ. ಅಳಿಸುವುದಂತೂ ಕಡತ ಓದುವವಳು ಮಾಡುವ ಕೆಲಸವಲ್ಲ. ಹಾಗಾಗಿ ಅದು ಇದ್ದ ಹಾಗೇ ಇದೆ. ‘ನೋ ಡ್ಯೂ ಡೇಟ್’ ಎಂದು ಕೇಳಿದಾಗಲೆಲ್ಲ ಮೊದಲು ಅದೇ ಬರುತ್ತದೆ. ಅದರ ಕೆಳಗೆ ಬೇರೆ ಯಾರ ಹೆಸರಾದರೂ ಸೇರಿದೆಯೇ ಎಂದು ನಾನು ನೋಡುತ್ತೇನೆ.